ಗುರುಪುತ್ರಪ್ಪನ ರೌಟರ್ ಟೇಬಲ್ಲು

ಗುರುಪುತ್ರಪ್ಪ ನಿವೃತ್ತನಾದ ಮೇಲೆ ಪೀರನವಾಡಿಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಮೊದಲು ಅವನ ಹೆಂಡತಿ ಚಂದ್ರವ್ವನಿಗೆ, ಆಮೇಲೆ ಪಕ್ಕದ ಮನೆಯ ನನಗೆ, ಆಮೇಲೆ ಖಾನಾಪುರ ರಸ್ತೆಯ ಬಸ್ ಡ್ರೈವರುಗಳಿಗೆ. ಬೆಳಗಾವಿ, ಖಾನಾಪುರ, ನಂದಗಡ ಮಾರ್ಗದಲ್ಲಿ ಅವನು ವರ್ಷಗಟ್ಟಲೆ ಬಸ್ಸು ಓಡಿಸಿದ್ದ. ಅದೇ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ನಾನು. ನನ್ನ ಹೆಸರು ಬುರಾನುದ್ದೀನ. ನಾನೂ ನಿವೃತ್ತನೇ. ಆದರೆ ನಾನು ಚಹಾ ಕುಡಿದು, ಪೇಪರ್ ಓದಿ, ಗೋಡೆಗೆ ಒರಗಿ ಇನ್ನೊಂದು ನಿದ್ದೆ ತೆಗೆಯಬಲ್ಲ ಮನುಷ್ಯ. ಆ ವಿದ್ಯೆ ಅವನಿಗೆ ಬರುವುದಿಲ್ಲ.

ನಸುಕಿನಲ್ಲೇ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕ್ರಾಸಿಗೆ ಹೋಗಿ ನಿಲ್ಲುತ್ತಿದ್ದ. ಡ್ಯೂಟಿ ಇಲ್ಲ, ಗಾಡಿ ಇಲ್ಲ, ಸುಮ್ಮನೆ ನಿಲ್ಲುವುದು. ಬಂದ ಬಸ್ಸಿಗೆಲ್ಲ ಒಂದು ತಪ್ಪು ಹುಡುಕುವುದು. "ಲೇ ತಮ್ಮಾ, ಎರಡನೇ ಗೇರಿನ್ಯಾಗ ಎಷ್ಟು ದೂರ ಅಳಸ್ಕೊಂತ ಹೋಗ್ತಿ ಅದನ್ನ?" ಎಂದು ಕೂಗುವುದು. ಹುಡುಗ ಡ್ರೈವರುಗಳು ಅವನನ್ನು ಕಂಡರೆ ಉದ್ದಕ್ಕೆ ಹಾರ್ನ್ ಬಾರಿಸಿಕೊಂಡು ಪಾರಾಗುತ್ತಿದ್ದರು.

ನಿಂತು ಬೇಸರವಾದರೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ ಬರುತ್ತಿದ್ದ. ಕೂಡುತ್ತಿದ್ದದ್ದು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲೇ. ಒಮ್ಮೆ ನಾನೂ ಜೊತೆಗಿದ್ದೆ. ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ಇವನ ಬಲಗಾಲು ದಡ್ ಎಂದು ನೆಲಕ್ಕೆ ಬಿತ್ತು. ನಿಜವಾದ ಡ್ರೈವರ್ ತಿರುಗಿ ನೋಡದೆಯೇ ಹೇಳಿದ: "ಕಾಕಾ, ನೀವು ಒತ್ತಿದ್ರ ನಿಂದರೂದಿಲ್ಲರೀ ಇದು." ಬಸ್ಸಿಗೆ ಬಸ್ಸೇ ನಕ್ಕಿತು. ಚಂದ್ರವ್ವನನ್ನು ಕೇಳಿದರೆ ಅವಳ ದೂರು ಬೇರೆ: "ಮಲಗಿದಾಗೂ ನನ್ನ ಕಾಲಿನ ಮ್ಯಾಲ ಬ್ರೇಕ್ ಹೊಡೀತಾರ್ರೀ ಭಾಯಾರ. ಕನಸಿನ್ಯಾಗ ಏನ್ ಅಡ್ಡ ಬರ್ತೈತೋ ಏನೋ."

ನಗುವ ಮಾತು ಇಷ್ಟಕ್ಕೇ ಮುಗಿಯಿತು. ಅವನ ಎರಡೂ ಕಣ್ಣಿಗೆ ಕಾಚಬಿಂದು ಆಗಿತ್ತು. ಕಣ್ಣಿನೊಳಗೆ ಒತ್ತಡ ಏರಿ, ಎಡ ಪಕ್ಕದ ನೋಟವನ್ನೆಲ್ಲ ಅದು ತಿಂದು ಹಾಕಿತ್ತು. ಎದುರಿಗಿದ್ದದ್ದು ಸ್ವಚ್ಛ ಕಾಣುತ್ತದೆ, ದೂರದ ಬೋರ್ಡನ್ನು ನನಗಿಂತ ಮೊದಲು ಓದುತ್ತಾನೆ. ಎಡಗಡೆಯಿಂದ ಬಂದದ್ದು ಮಾತ್ರ ಮೂಗಿನ ಮುಂದೆ ಬರುವ ತನಕ ಇಲ್ಲವೇ ಇಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಇದು ಗೊತ್ತಾಗಿ, ಸೇವೆಯ ಕೊನೆಯ ವರ್ಷ ಅವನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋದ ಟೈರುಗಳ ನಡುವೆ ಕೂಡಿಸಿದರು. ಅದನ್ನು ಅವನು ಕಾಯಿಲೆ ಎಂದುಕೊಳ್ಳಲಿಲ್ಲ, ಅವಮಾನ ಎಂದುಕೊಂಡ. "ನಂಗ ಎಲ್ಲಾ ಕಾಣತೈತಿ. ಆ ಡಾಕ್ಟರಗ ಕಾಣೂದಿಲ್ಲ" ಎನ್ನುತ್ತಿದ್ದ. ಕಣ್ಣಿಗೆ ಔಷಧ ಬೀಳುತ್ತಿದ್ದದ್ದು ಚಂದ್ರವ್ವ ತಲೆ ಹಿಡಿದು ಹಾಕುತ್ತಿದ್ದಳು ಎಂಬ ಕಾರಣಕ್ಕೆ.

ಬೇಸಿಗೆಯ ಆರಂಭದಲ್ಲಿ, ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನುಗಳನ್ನಿಟ್ಟುಕೊಂಡ ಗೌರೀಶ ಎಂಬುವನು ಚಹಾದಂಗಡಿಯಲ್ಲಿ ಇವನ ಭುಜ ತಟ್ಟಿದ. "ಜೂನಿನ್ಯಾಗ ಸಾಲಿ ಚಾಲೂ ಆಗ್ತಾವ್ರಿ. ಒಂದು ವ್ಯಾನಿಗೆ ನಿಮ್ಮಂಥಾ ಹಳೇ ಕೈ ಬೇಕು. ಕಾಗದಪತ್ರ ಎಲ್ಲಾ ನಾ ನೋಡ್ಕೋತೇನಿ." ಅವತ್ತು ಗುರುಪುತ್ರಪ್ಪ ಎದೆ ಮುಂದೆ ಮಾಡಿಕೊಂಡು ಮನೆಗೆ ನಡೆದ. ಸ್ವಲ್ಪ ಹೊತ್ತಿಗೆ ಚಂದ್ರವ್ವ ಹಿತ್ತಿಲ ಬಾಗಿಲಿನಿಂದ ನಮ್ಮ ಮನೆಗೆ ಬಂದಳು. ಮನೆಯಲ್ಲೇ ಕುಪ್ಪಸ ಹೊಲಿದು ಕೊಡುವ ಹೆಂಗಸು, ಸುಮ್ಮನೆ ಅಳುವವಳಲ್ಲ. ಅವತ್ತು ಅತ್ತಳು.

"ಮಂದಿ ಮಕ್ಕಳ್ರೀ ಭಾಯಾರ. ಎಡಗಡೆಯಿಂದ ಒಂದು ಸೈಕಲ್ ಬಂದ್ರೂ ಕಾಣೂದಿಲ್ಲ ಇವರಿಗೆ. ನಾ ಹೇಳಿದ್ರ ಹರಿಹಾಯ್ತಾರ. ಅವರ ಕೈಗೆ ಏನರ ಕೆಲಸ ಕೊಡ್ರಿ. ಸ್ಟೇರಿಂಗ್ ಒಂದು ಬಿಟ್ಟು ಏನರ ಆಗಲಿ."

ನಾನು ಬಹಳ ಯೋಚಿಸಲಿಲ್ಲ. ನನ್ನ ತಂಗಿಯ ಮಗ ಮುದಸ್ಸರ ಖಾನಾಪುರದಲ್ಲಿ ಫರ್ನಿಚರ್ ಕೆಲಸ ಮಾಡುತ್ತಾನೆ. ಗುರುಪುತ್ರಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಆಳು ರೌಟರ್ ಹಿಡಿದು ಸಾಗವಾನಿ ಹಲಗೆಯ ಅಂಚು ದುಂಡಗೆ ಮಾಡುತ್ತಿದ್ದ. ಎರಡೂ ಕೈಯಲ್ಲಿ ಹಿಡಿಯುವ ಯಂತ್ರ, ಅದರ ತುದಿಯಲ್ಲಿ ಗರಗರ ತಿರುಗುವ ಸಣ್ಣ ಅಲಗು. ಅದಕ್ಕೆ ಬಿಟ್ ಎನ್ನುತ್ತಾರೆ. ಒರಟು ಅಂಚಿನ ಮೇಲೆ ಹಾದರೆ ಸಾಕು, ಕೈಯಾಡಿಸುವಂತೆ ನುಣುಪಾಗುತ್ತದೆ. ಇಂಜಿನ್ನಿನ ಹಾಗೆ ಸದ್ದು, ಎರಡು ಹಿಡಿಕೆ, ಒಂದು ದಾರಿ. ಗುರುಪುತ್ರಪ್ಪನ ಮುಖ ನೋಡಿದೆ. ಮೀನು ಗಾಳಕ್ಕೆ ಬಿದ್ದಿತ್ತು. ಮುದಸ್ಸರ ಹೊಸದು ತಂದಿದ್ದರಿಂದ ಹಳೆಯ ರೌಟರನ್ನು ಇವನಿಗೆ ಕೊಟ್ಟುಬಿಟ್ಟ.

ಮನೆಯ ಹಿಂದಿನ ತಗಡಿನ ಶೆಡ್ಡು ಕಾರ್ಖಾನೆಯಾಯಿತು. ಊಟಕ್ಕೆ ಕೂಡುವ ಮಣೆ ಮಾಡುತ್ತೇನೆಂದು ಹೊರಟ. ಮಣೆ ಸಣ್ಣದು, ರೌಟರ್ ಭಾರದ್ದು, ಇವನಿಗೋ ಅವಸರ. ಯಂತ್ರ ಅಂಚಿನಿಂದ ಜಾರಿ ಮಣೆಗಳ ಮೈಯೆಲ್ಲ ಗಾಯ. ನನ್ನ ಮಧ್ಯಾಹ್ನದ ನಿದ್ದೆ ಅಲ್ಲಿಗೆ ತೀರಿಕೊಂಡಿತು. ಸಿಟ್ಟು ಬಂದು ಮುದಸ್ಸರನಿಗೆ ಫೋನು ಹಚ್ಚಿದೆ. ಅವನು ಹೇಳಿದ: "ಮಾಮೂ, ಸಣ್ಣ ತುಂಡಿಗೆ ರೌಟರ್ ಕೈಯಾಗ ಹಿಡೀಬಾರದು. ಟೇಬಲ್ಲಿನ ಕೆಳಗ ಉಲ್ಟಾ ಕಟ್ಟಬೇಕು. ಬಿಟ್ ಅಷ್ಟ ಮ್ಯಾಲ ಬರಬೇಕು. ಮಶೀನ ನಿಂತಿರತದ, ಕಟ್ಟಿಗಿ ನಡಸೂದು."

ಇದನ್ನು ಹೇಳಿದಾಗ ಗುರುಪುತ್ರಪ್ಪ ಹುಬ್ಬು ಗಂಟು ಹಾಕಿದ. "ಅಂದ್ರ ಗಾಡಿ ನಿಂತಲ್ಲೇ ನಿಂತಿರೂದು, ರಸ್ತಾ ಓಡೂದು ಅನ್ನು." ಆದರೂ ಮರುದಿನವೇ ಟೇಬಲ್ಲಿಗೆ ಕೈ ಹಾಕಿದ.

ಗುಜರಿ ಅಂಗಡಿಯಿಂದ ಹಳೆಯ ಬಸ್ಸಿನ ಸೀಟಿನ ಪೈಪು ತಂದು ಕಾಲು ಮಾಡಿದ. ಮೇಲೆ ಹಾಸಲು, ಯಾರೋ ಕಿತ್ತು ಬಿಸಾಡಿದ್ದ ಸನ್‌ಮೈಕಾ ಹಚ್ಚಿದ ಬಾಗಿಲು. ಅದರ ನಡುವೆ ಚೌಕ ಕೊರೆದು, ಉದ್ಯಮಬಾಗದ ಲೇಥ್ ಅಂಗಡಿಯಲ್ಲಿ ಕತ್ತರಿಸಿ ತಂದ ಅಲ್ಯುಮಿನಿಯಂ ತಗಡು ಕೂಡಿಸಿದ. ರೌಟರ್ ಅದಕ್ಕೆ ತಲೆಕೆಳಗಾಗಿ ಜೋತುಬಿದ್ದಿತು. ಕಟ್ಟಿಗೆ ಒರಗಿಸಿ ನಡೆಸಲು ಹಿಂದೆ ಒಂದು ನೆಟ್ಟನೆಯ ಪಟ್ಟಿ ಬೇಕು. ಅದಕ್ಕಾಗಿ ಖಾನಾಪುರದಲ್ಲಿ ಕಟ್ಟಿಗೆ ಕೊಯ್ಯುವ ಸಾಮಿಲ್ಲಿಗೆ ನಾಲ್ಕು ಸಲ ಹೋದ, ಅಲ್ಲಿಯವರು ಐದನೆಯ ಸಲ ಬರಬೇಡಿ ಎಂದು ಕೈ ಮುಗಿದರು.

ಅಂಟು ಒಣಗುವ ತನಕ ಕಾಯುವುದು ಮಾತ್ರ ಅವನಿಂದ ಆಗಲಿಲ್ಲ. ಹಚ್ಚಿ ಬಂದು ಕೂಡುವನು, ಎದ್ದು ಹೋಗಿ ಅಲುಗಾಡಿಸಿ ನೋಡುವನು. "ಒಣಗೇತೇನ?" ಎಂದು ನನ್ನನ್ನು ಕೇಳುವನು, ನಾನೇನು ಅಂಟಿನ ಡಾಕ್ಟರನೇ? ಅಲುಗಾಡಿಸಿ ಅಲುಗಾಡಿಸಿ ಜೋಡು ಸಡಿಲಾಗಿ, ಬಿಚ್ಚಿ ಮತ್ತೆ ಹಚ್ಚಿದ. ಕೊನೆಗೆ ಚಂದ್ರವ್ವ ಶೆಡ್ಡಿಗೆ ಕೀಲಿ ಹಾಕಿ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಆ ದಿನ ಅವನು ಶೆಡ್ಡಿನ ಸುತ್ತ ಸುತ್ತಿದ್ದನ್ನು ನೋಡಿ ನನಗೇ ತಲೆ ತಿರುಗಿತು.

ಇನ್ನು ಚಾಲೂ ಬಂದ್ ಮಾಡುವ ಪ್ರಶ್ನೆ. ರೌಟರಿನ ಸ್ವಿಚ್ಚು ಟೇಬಲ್ಲಿನ ಕೆಳಗೆ ಹೋಗಿಬಿಟ್ಟಿತ್ತು, ಬಗ್ಗಿ ಹುಡುಕಬೇಕು. ಚಂದ್ರವ್ವನ ಹೊಲಿಗೆ ಯಂತ್ರಕ್ಕೆ ಮೋಟಾರು ಇದೆ. ಕಾಲಲ್ಲಿ ಒತ್ತಿದರೆ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ, ಎರಡೂ ಕೈ ಬಟ್ಟೆಯ ಮೇಲೆ. ಅದನ್ನು ನೋಡಿದ್ದೇ ತಡ, ಉದ್ಯಮಬಾಗದ ಪರಿಚಯದ ಎಲೆಕ್ಟ್ರಿಷಿಯನ್ನನಿಂದ ಹಳೆಯ ಪ್ರೆಸ್ ಯಂತ್ರದ ಕಾಲುಸ್ವಿಚ್ಚು ತಂದು ಹಾಗೆಯೇ ಜೋಡಿಸಿದ. ಒತ್ತಿದರೆ ಚಾಲೂ, ತೆಗೆದರೆ ಬಂದ್.

"ಗಾಬರಿ ಆದ್ರ ಕಾಲು ಎತ್ತಬೇಕು ಮತ್ತ. ನೆನಪಿಡ್ರಿ" ಎಂದಳು ಚಂದ್ರವ್ವ.

"ನನ್ನ ಕಾಲಿಗೆ ನೀ ಕಲಸಾಕ ಬಂದಿ ಏನು?" ಎಂದ ಗುರುಪುತ್ರಪ್ಪ.

ಟೇಬಲ್ಲು ಚೆನ್ನಾಗಿ ಆಯಿತು, ಅದನ್ನು ಒಪ್ಪಬೇಕು. ಬಿಟ್ ತಿರುಗುವ ದಿಕ್ಕಿನಿಂದಾಗಿ ಕಟ್ಟಿಗೆಯನ್ನು ಯಾವಾಗಲೂ ಬಲಗಡೆಯಿಂದ ಎಡಗಡೆಗೆ ನೂಕಬೇಕು. ತಿರುವು ಮುರುವು ನೂಕಿದರೆ ಕೈಯಿಂದ ಕಸಿದು ಎಸೆಯುತ್ತದೆ. ಒಂದು ಸಲ ಎಸೆದು ಶೆಡ್ಡಿನ ತಗಡಿಗೆ ತೂತು ಬಿದ್ದ ಮೇಲೆ ಅವನೂ ಕಲಿತ. ಬಲಗಡೆ ಒರಟು ಹಲಗೆ, ಎಡಗಡೆ ನುಣುಪಾದ ಹಲಗೆ. ಓಣಿಯ ಮನೆಮನೆಗೂ ಮಣೆ ಬಂತು. ನಮ್ಮ ಮನೆಯಲ್ಲಿ ಎಲ್ಲರೂ ಕುರ್ಚಿ ಮೇಲೆ ಕೂತು ಉಣ್ಣುವವರು, ನಮಗೂ ಬಂತು.

ಚಂದ್ರವ್ವನ ಮುಖದಲ್ಲಿ ಆಸೆ ಚಿಗುರಿತು. ಮಣೆ ಮುಗಿದರೆ ಮತ್ತೇನು ಎಂದು ಅವಳೇ ಯೋಚಿಸಿ, ಅಡುಗೆಮನೆಯ ಗೋಡೆಗೆ ಉದ್ದ ಹಲಗೆ ಬೇಕು ಎಂದಳು, ದೇವರ ಜಗಲಿಗೆ ಚೌಕಟ್ಟು ಬೇಕು ಎಂದಳು. ಜೂನ್ ದಾಟಿದರೆ ಗೌರೀಶ ಬೇರೆ ಯಾರನ್ನಾದರೂ ಹುಡುಕಿಕೊಂಡಾನು ಎಂಬುದು ಅವಳ ಆಸೆ. ಆದರೆ ಮೇ ತಿಂಗಳ ಕೊನೆಗೆ ಗೌರೀಶ ಮನೆಗೇ ಬಂದು, ವ್ಯಾನಿನ ಕೀಲಿಕೈಯನ್ನು ಗುರುಪುತ್ರಪ್ಪನ ಅಂಗೈಯಲ್ಲಿಟ್ಟು ಹೋದ. "ಸೋಮವಾರದಿಂದ್ರಿ ಮತ್ತ" ಎಂದ. ಕೀಲಿಕೈ ಅಂಗಿಯ ಜೇಬಿಗೆ ಬಿತ್ತು. ನಡೆದಾಗಲೆಲ್ಲ ಗಿಲಗಿಲ ಎನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಚಂದ್ರವ್ವ ಹೊಲಿಗೆ ನಿಲ್ಲಿಸುತ್ತಿದ್ದಳು.

ಅಡುಗೆಮನೆಯ ಹಲಗೆಯ ಅಂಚು ತೆಗೆಯುವ ದಿನ ಮೂವರೂ ಶೆಡ್ಡಿನಲ್ಲಿದ್ದೆವು. ಹಲಗೆ ಉದ್ದ, ಬಲಗಡೆ ಬಾಲ ಹಿಡಿಯಲು ನಾನು, ಎಡಗಡೆ ಬಂದದ್ದನ್ನು ಹಿಡಿದುಕೊಳ್ಳಲು ಚಂದ್ರವ್ವ, ನಡುವೆ ಅವನು. ಕಾಲಿಟ್ಟ, ರೌಟರ್ ಕೂಗಿತು, ಹಲಗೆ ನಡೆಯಿತು. ಮುಕ್ಕಾಲು ದಾರಿ ಎಲ್ಲ ಸರಿ ಇತ್ತು. ಹಲಗೆಗೂ ಹಿಂದಿನ ಪಟ್ಟಿಗೂ ನಡುವೆ ಕಟ್ಟಿಗೆಯ ಹೊಟ್ಟು ತುಂಬಿ ಬಿಗಿಯತೊಡಗಿತು. ಚಂದ್ರವ್ವನಿಗೆ ಹೊಲಿಯುವಾಗ ಸೂಜಿಯ ಪಕ್ಕದ ದಾರದ ತುಣುಕನ್ನು ಬೆರಳಿಂದ ಸರಿಸಿ ರೂಢಿ. ಅದೇ ರೂಢಿಯಲ್ಲಿ ಹೊಟ್ಟು ಸರಿಸಲು ಕೈ ಚಾಚಿದಳು. ಬಿಟ್ ಇದ್ದದ್ದು ಅಲ್ಲೇ. ಗುರುಪುತ್ರಪ್ಪ ನೆಟ್ಟಗೆ ಮುಂದೆ ನೋಡುತ್ತ ಹಲಗೆ ನೂಕುತ್ತಲೇ ಇದ್ದ. ಹೆಂಡತಿಯ ಕೈ ಅವನ ಎಡಗಡೆ, ಒಂದು ಗೇಣಿನಾಚೆ ಇತ್ತು.

ನನ್ನ ಬಾಯಿಂದ "ಹೋಲ್ಡಾನ್!" ಎಂದು ಬಂತು.

ಬೇರೆ ಏನು ಬರಬೇಕಿತ್ತು? ಜೀವಮಾನವಿಡೀ ಗಾಡಿ ನಿಲ್ಲಿಸಲು ಕೂಗಿದ್ದು ಅದನ್ನೇ. ಅವನ ಕಾಲೂ ಜೀವಮಾನವಿಡೀ ಅದಕ್ಕೆ ಮಾಡಿದ್ದನ್ನೇ ಮಾಡಿತು. ಮೈಭಾರವನ್ನೆಲ್ಲ ಬಿಟ್ಟು ಸ್ವಿಚ್ಚನ್ನು ಒತ್ತಿ ಹಿಡಿದ. ರೌಟರ್ ನಿಲ್ಲಲಿಲ್ಲ. ಹಸಿರು ಬಳೆಗಳ ಚೂರು ನನ್ನ ಮುಖಕ್ಕೆ ಸಿಡಿದವು. ಚಂದ್ರವ್ವ ಕೂಗಿ ಕೈ ಎಳೆದುಕೊಂಡಳು. ಅವನು ಇನ್ನೂ ಹಲ್ಲು ಕಚ್ಚಿ ಒತ್ತುತ್ತಲೇ ಇದ್ದ, ಇನ್ನೂ ಜೋರಾಗಿ ಒತ್ತುತ್ತಿದ್ದ. ನಾನು ಓಡಿ ಹೋಗಿ ವೈರು ಕಿತ್ತೆ.

ದೇವರು ದೊಡ್ಡವನು, ಬೆರಳು ಹೋಗಲಿಲ್ಲ. ಮಣಿಕಟ್ಟಿಗೆ ಹೊಲಿಗೆ ಬಿದ್ದವು. ಆಟೋದಲ್ಲಿ ದವಾಖಾನೆಗೆ ಹೋಗುವಾಗ ಅವನು ಹೆಂಡತಿಯ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದ. ಬಾಯಲ್ಲಿ ಒಂದೇ ಮಾತು. "ಬ್ರೇಕ್ ಹೊಡದ್ನೋ ಬುರಾನ. ಹೊಡದೇ ಹೊಡದ್ನಿ. ನಿಂದರಲೇ ಇಲ್ಲ ಅದು."

ನನಗೆ ಅವನ ಮೇಲೆ ಕರುಣೆ ಬಂತು. ಅದೇ ನನ್ನ ಬಾಯಿ ಕಟ್ಟಿತು. ಮರುದಿನ ಬೆಳಿಗ್ಗೆ ನೋಡಿದರೆ ಮನುಷ್ಯ ಶೆಡ್ಡಿನಲ್ಲಿ ಸ್ವಿಚ್ಚು ಬಿಚ್ಚಿ ಕೂತಿದ್ದ. ಎಲೆಕ್ಟ್ರಿಷಿಯನ್ ಬಂದು ತಂತಿ ಅದಲು ಬದಲು ಮಾಡಿದ. ಈಗ ಕೈಯಲ್ಲಿ ಚಾಲೂ ಮಾಡುವುದು, ಕಾಲಲ್ಲಿ ಒತ್ತಿದರೆ ಬಂದ್. ಗುರುಪುತ್ರಪ್ಪ ಮತ್ತೆ ಮತ್ತೆ ಒತ್ತಿ ತೋರಿಸಿದ. "ನೋಡು, ಈಗ ಖರೇ ಬ್ರೇಕ್ ಆತಿದು. ತಪ್ಪು ಸ್ವಿಚ್ಚಿಂದಿತ್ತು. ವ್ಯಾನಿನ್ಯಾಗ ಈ ಲಫಡಾ ಇಲ್ಲ. ಅಲ್ಲಿ ಬ್ರೇಕ್ ಇದ್ದಲ್ಲೇ ಐತಿ."

ಆಗ ನನ್ನ ಕರುಣೆಯೆಲ್ಲ ಹಾರಿಹೋಯಿತು.

"ಬ್ರೇಕಿನ ಮಾತು ಬಿಡೋ ಗುರಪ್ಪಾ. ನಾ ಕೂಗಿದ ಮ್ಯಾಲ ನಿನ್ನ ಕಾಲು ಬಿತ್ತು. ನಾ ಯಾಕ ಕೂಗಬೇಕಾತು? ಚಂದ್ರವ್ವ ವೈನಿ ಕೈ ನಿನ್ನ ಬಾಜೂಕ ಇತ್ತು. ನಿಂಗ ಕಂಡಿಲ್ಲ."

"ಕಂಡಿತ್ತು."

"ಕಂಡಿದ್ರ ಹಲಗಿ ಯಾಕ ನೂಕಿದಿ?"

"ಕಂಡಿತ್ತು ಅಂದ್ನೆಲ್ಲೋ! ನೀ ಕಂಡಕ್ಟರ, ಟಿಕೆಟ್ ನೋಡು. ರಸ್ತಾ ನೋಡೂದು ನನ್ನ ಕೆಲಸ."

ಇಷ್ಟು ವರ್ಷ ಜೊತೆಗಿದ್ದವನ ಬಾಯಿಂದ ಈ ಮಾತು ಕೇಳಿ ನಾನು ಎದ್ದು ಬಂದೆ. ಮನೆಯಲ್ಲಿ ಗುಲಶನ, ನನ್ನ ಹೆಂಡತಿ, ಹೋಗಲಿ ಬಿಡಿ ಎಂದರೆ ಅವಳ ಮೇಲೂ ರೇಗಿದೆ. ಆದರೆ ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತು. ಸೋಮವಾರ ಹತ್ತಿರ ಬರುತ್ತಿತ್ತು. ಹಳದಿ ವ್ಯಾನನ್ನು ಕ್ರಾಸಿನಲ್ಲಿ ತೊಳೆದು ನಿಲ್ಲಿಸಿದ್ದರು.

ಶನಿವಾರ ಮಧ್ಯಾಹ್ನ ಗೋಡೆಯಾಚೆಯಿಂದ ಅವನೇ ಕೂಗಿದ. "ಬುರಾನ, ಬಾ ಇಲ್ಲಿ. ಒಂದು ಸಲ ಫೈಸಲಾ ಆಗಿಬಿಡ್ಲಿ."

ಹೋದೆ. ರೌಟರಿನ ವೈರನ್ನು ಬೋರ್ಡಿನಿಂದ ತೆಗೆದು, ನನಗೆ ತೋರಿಸಿ ನೆಲಕ್ಕೆ ಬಿಟ್ಟ. ಟೇಬಲ್ಲಿನ ಮುಂದೆ ಅವತ್ತು ನಿಂತ ಜಾಗದಲ್ಲೇ ನಿಂತ. ಚಂದ್ರವ್ವ ಎಡಗಡೆ, ಮಣಿಕಟ್ಟಿಗೆ ಬಿಳಿ ಪಟ್ಟಿ. "ಇಕಿ ಕೈ ಇಡಲಿ. ನಾ ನೆಟ್ಟಗ ಮುಂದ ನೋಡ್ಕೊಂತ ನಿಂದರ್ತೇನಿ. ಇಟ್ಟಿದ್ದು ಕಂಡಕೂಡಲೇ ಹೇಳ್ತೇನಿ. ನೀ ಸಾಕ್ಷಿ. ಕಂಡ್ರ, ಸೋಮವಾರ ನೀ ತುಟಿ ಬಿಚ್ಚಬಾರದು."

ಅವನಿಗೆ ಅಷ್ಟು ಖಾತರಿ ಇತ್ತು. ಹೆಂಡತಿಯ ಎದುರಿಗೆ, ನನ್ನ ಎದುರಿಗೆ ಗೆದ್ದೇ ಗೆಲ್ಲುತ್ತೇನೆಂದು ಅವನೇ ಕರೆದು ನಿಲ್ಲಿಸಿಕೊಂಡಿದ್ದ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಟೇಬಲ್ಲಿನ ಮೇಲಿಟ್ಟು ಮುಂದೆ ನೋಡಿದ.

"ಹೂಂ, ಇಡು."

ಚಂದ್ರವ್ವ ನನ್ನ ಕಡೆ ನೋಡಿದಳು. ಸದ್ದಾಗದಂತೆ ಕೈ ಇಟ್ಟಳು, ಅವತ್ತು ಇಟ್ಟಲ್ಲೇ.

ಶೆಡ್ಡಿನ ತಗಡು ಬಿಸಿಲಿಗೆ ಚಟ್ ಎಂದಿತು. ಗುರುಪುತ್ರಪ್ಪ ಮುಂದೆ ನೋಡುತ್ತ ನಿಂತಿದ್ದ. ಮುಖದಲ್ಲಿ ಗೆಲ್ಲುವವನ ನಗು ಇನ್ನೂ ಇತ್ತು.

"ಇಡು, ಹೆದರಬ್ಯಾಡ. ಮಶೀನ ಬಂದ್ ಐತಿ."

ಚಂದ್ರವ್ವನ ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ. ಎತ್ತಿದ್ದರೆ ಆಗುತ್ತಿತ್ತು. ಸುಮ್ಮನೆ ಕೈ ಹಿಂದೆ ತೆಗೆದುಕೊಂಡು, ಇನ್ನೂ ಇಟ್ಟಿಲ್ಲ ಎಂದಿದ್ದರೆ ಅವನ ಮಾನ ಉಳಿಯುತ್ತಿತ್ತು. ನಾನೂ ಹೂಂ ಎಂದುಬಿಡುತ್ತಿದ್ದೆನೋ ಏನೋ. ಅವಳು ಅಲುಗಲಿಲ್ಲ.

"ಯಾಕ, ಇಡವಲ್ಲಿ?" ಎಂದ. ಈ ಸಲ ದನಿಯಲ್ಲಿ ನಗು ಇರಲಿಲ್ಲ.

"ಇಟ್ಟು ಆಗಲೇ ಹೊತ್ತಾತು" ಎಂದಳು ಚಂದ್ರವ್ವ.

ಅವನು ತಕ್ಷಣ ತಿರುಗಲಿಲ್ಲ. ಇನ್ನೊಂದಿಷ್ಟು ಹೊತ್ತು ಮುಂದೆಯೇ ನೋಡಿದ, ಹಾಗೇ ನೋಡುತ್ತಿದ್ದರೆ ಕಂಡೀತು ಎಂಬಂತೆ. ಆಮೇಲೆ ಕುತ್ತಿಗೆ ಪೂರ್ತಿ ಎಡಕ್ಕೆ ಹೊರಳಿಸಿದ. ಪಟ್ಟಿ ಕಟ್ಟಿದ ಕೈ ಅವನ ಕೈಯಿಂದ ಒಂದು ಗೇಣು ದೂರದಲ್ಲಿ ಬಿಟ್ಟಿನ ಪಕ್ಕದಲ್ಲೇ ಇತ್ತು. ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಅಲ್ಲೇ ಇದ್ದ ಮಣೆಯ ಮೇಲೆ ಕುಸಿದು ಕೂತ. ನಾನು ಅವನನ್ನು ಅಷ್ಟು ವರ್ಷ ಕಂಡಿದ್ದೇನೆ, ಅಪಘಾತದಲ್ಲಿ ಕಂಡಿದ್ದೇನೆ, ಅವನ ತಾಯಿಯನ್ನು ಮಣ್ಣು ಮಾಡುವಾಗ ಕಂಡಿದ್ದೇನೆ. ಅವನ ಮುಖ ಅಷ್ಟು ಬರಿದಾದದ್ದನ್ನು ಕಂಡಿರಲಿಲ್ಲ. ನನಗೆ ಅಳು ಬಂತು, ಮುಚ್ಚಿಡುವುದೇನು.

ಆಮೇಲೆ ಅವನು ಜೇಬಿನಿಂದ ವ್ಯಾನಿನ ಕೀಲಿಕೈ ತೆಗೆದು, ನನ್ನ ಮುಖ ನೋಡದೆ ಚಾಚಿದ.

"ಗೌರೀಶಗ ಮುಟ್ಟಿಸಿ ಬಾರೋ ಬುರಾನ. ನಂಗ ಹೋಗಾಕ ಆಗೂದಿಲ್ಲ."

"ಏನಂತ ಹೇಳ್ಲಿ?"

"ಕಾಣೂದಿಲ್ಲ ಅಂತ ಹೇಳು."

ಕೀಲಿಕೈ ತೆಗೆದುಕೊಂಡು ಬಾಗಿಲಿಗೆ ಬಂದೆ. ಹಿಂದೆ ಅವನು ಹೆಂಡತಿಯನ್ನು ಮೆಲ್ಲಗೆ ಕೇಳುತ್ತಿದ್ದ: "ಅವತ್ತೂ ಇಷ್ಟ ಹತ್ತರ ಇತ್ತೇನ?"

"ಇಷ್ಟ ಹತ್ತರ ಇತ್ರೀ" ಎಂದಳು ಚಂದ್ರವ್ವ.